ಹೊಸ ಹೆಸರುಗಳನ್ನು ಮಾರಬೇಡಿ, ಕೆಲಸ ಕಲಿಸಿ: ಕಾಸರಗೋಡಿನ ತಂತ್ರಜ್ಞಾನ ಶಿಕ್ಷಣದ ಮುಂದಾಳುಗಳಿಗೆ ಬಹಿರಂಗ ಪತ್ರ

ಇವರಿಗೆ,
ಕಾಸರಗೋಡು ಜಿಲ್ಲೆಯ ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಯವರು, ಕೋಡಿಂಗ್ ತರಬೇತಿ ಸಂಸ್ಥೆಗಳ ಮಾಲಕರು ಮತ್ತು ತಂತ್ರಜ್ಞಾನ ಸಮಾವೇಶಗಳ ಸಂಘಟಕರು

ಮಾನ್ಯರೇ,

ನಾನು ಬದಿಯಡ್ಕ ಕಡೆಯವನು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕುಂಬಳೆಯಿಂದ ರೈಲು ಹಿಡಿದು ಮಂಗಳೂರಿಗೆ ಹೋಗಿ ಬಂದು ಪದವಿ ಮುಗಿಸಿ, ಬೆಂಗಳೂರಿನ ಕಂಪನಿಗಳಲ್ಲಿ ದುಡಿದು, ಈಗ ಊರಿನಲ್ಲೇ ಕುಳಿತು ವೆಬ್‌ಸೈಟ್ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ನನ್ನನ್ನು ಅತಿಥಿಯಾಗಿ ಕರೆದು ಶಾಲು ಹೊದಿಸಿದ್ದೀರಿ. ಆ ವೇದಿಕೆಗಳಲ್ಲಿ ಹೇಳಲು ಎಡೆ ಸಿಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಷ್ಠುರ ಅನ್ನಿಸಿದರೆ ಅನ್ನಿಸಲಿ, ಯಾವ ಮಾತನ್ನೂ ಹಗುರವಾಗಿ ಬರೆದಿಲ್ಲ.

ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ತಲಪಾಡಿಯಿಂದ ಚಂದ್ರಗಿರಿ ಸೇತುವೆಯವರೆಗೆ ಒಮ್ಮೆ ಹೆದ್ದಾರಿ ಬದಿಯ ಜಾಹೀರಾತು ಫಲಕಗಳನ್ನು ಓದುತ್ತಾ ಬನ್ನಿ. ಆರು ತಿಂಗಳಲ್ಲಿ ಎಐ ಇಂಜಿನಿಯರ್. ನೂರಕ್ಕೆ ನೂರು ಉದ್ಯೋಗ ಖಾತರಿ. ಮೊದಲು ಕಲಿಯಿರಿ, ಆಮೇಲೆ ಫೀಸು ಕಟ್ಟಿ. ಕೆಲವೇ ವರ್ಷಗಳ ಹಿಂದೆ ಅದೇ ಫಲಕಗಳಲ್ಲಿ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಹಂಚಿಕೊಂಡು ಇಡುವ ಡಿಜಿಟಲ್ ಲೆಕ್ಕದ ಪುಸ್ತಕ) ಇತ್ತು, ಅದಕ್ಕೂ ಮೊದಲು ಬಿಗ್ ಡೇಟಾ ಇತ್ತು. ಒಳಗೆ ಹೋಗಿ ನೋಡಿದರೆ ಅದೇ ಕೋಣೆ, ಅದೇ ಕಂಪ್ಯೂಟರುಗಳು, ಎಷ್ಟೋ ಕಡೆ ಅದೇ ಮೇಷ್ಟ್ರು. ಬದಲಾದದ್ದು ಫಲಕ ಮತ್ತು ಫೀಸು ಮಾತ್ರ.

ಈ ರೋಗ ನಿಮ್ಮಲ್ಲೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಅದು ನನ್ನ ಉದ್ಯಮದಿಂದ ಬಂದದ್ದು. 2017ರ ಡಿಸೆಂಬರಿನಲ್ಲಿ ಅಮೆರಿಕದ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಂಬ ತಂಪು ಚಹಾ ಕಂಪನಿ ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಎಂದು ಬದಲಿಸಿಕೊಂಡಿತು. ಅದರ ಷೇರಿನ ಬೆಲೆ ಒಂದೇ ದಿನದಲ್ಲಿ ಎರಡು ಪಟ್ಟಿಗೂ ಮೀರಿ ಏರಿತು. ಮರುವರ್ಷವೇ ನ್ಯಾಸ್‌ಡಾಕ್ ಷೇರುಪೇಟೆ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. 2021ರ ಮಾರ್ಚಿನಲ್ಲಿ ಎನ್‌ಎಫ್‌ಟಿ ಎಂಬ, ಬ್ಲಾಕ್‌ಚೈನಿನಲ್ಲಿ ದಾಖಲಿಸಿದ ಒಡೆತನದ ಗುರುತಿನೊಂದಿಗೆ ಒಂದು ಡಿಜಿಟಲ್ ಚಿತ್ರ 6.9 ಕೋಟಿ ಡಾಲರಿಗೆ ಹರಾಜಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಆಯಿತು, ಮುಂದಿನ ಲೋಕವೆಲ್ಲ ಮೆಟಾವರ್ಸ್, ಅಂದರೆ ಕಂಪ್ಯೂಟರಿನೊಳಗಿನ ಕಾಲ್ಪನಿಕ ಜಗತ್ತು, ಎಂದಿತು. ಆ ವಿಭಾಗಕ್ಕೆ 2022ರ ಒಂದೇ ವರ್ಷದಲ್ಲಿ ಆದ ನಷ್ಟ 1,300 ಕೋಟಿ ಡಾಲರಿಗೂ ಹೆಚ್ಚು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ (ಡಿಜಿಟಲ್ ಹಣ) ವಿನಿಮಯ ಕೇಂದ್ರ ದಿವಾಳಿಯೆದ್ದಿತು. ಅದೇ ತಿಂಗಳ 30ಕ್ಕೆ ಚಾಟ್‌ಜಿಪಿಟಿ ಬಂತು. ತಿಂಗಳೊಪ್ಪತ್ತಿನಲ್ಲಿ, ಅಷ್ಟರವರೆಗೆ ಬ್ಲಾಕ್‌ಚೈನ್ ತಜ್ಞರಾಗಿದ್ದ ಎಷ್ಟೋ ಮಂದಿ ಎಐ ತಜ್ಞರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಬೇಗ ಯಾರೂ ಏನನ್ನೂ ಕಲಿಯುವುದಿಲ್ಲ.

ನಾನು ದುಡಿದ ಒಂದು ಕಂಪನಿಯಲ್ಲಿ ಸಾಲದ ಅರ್ಜಿ ತುಂಬುವ ಒಂದು ಪುಟವಿತ್ತು. ಹೆಸರು, ವಿಳಾಸ, ಆದಾಯ, ಒಂದು ಗುಂಡಿ. ಅದನ್ನು ಮೊದಲು ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕಿನಲ್ಲಿ, ಅಂದರೆ ವೆಬ್ ಪುಟ ಕಟ್ಟುವ ಸಿದ್ಧ ಚೌಕಟ್ಟಿನಲ್ಲಿ ಬರೆದಿದ್ದರು. 2016ರಲ್ಲಿ ಆಂಗ್ಯುಲರ್ 2 ಬಂದಾಗ ಹಳೆಯ ಕೋಡು ಅದರಲ್ಲಿ ಹಾಗೆಯೇ ಓಡುತ್ತಿರಲಿಲ್ಲ, ಹಾಗಾಗಿ ಪುಟವನ್ನು ಮತ್ತೆ ಬರೆದರು. ಆಮೇಲೆ ಎಲ್ಲರೂ ರಿಯಾಕ್ಟ್ ಎಂಬ ಇನ್ನೊಂದು ಸಲಕರಣೆ ಬಳಸುತ್ತಿದ್ದಾರೆಂದು ಮೂರನೆಯ ಸಲ ಬರೆದರು. ಪ್ರತಿಸಲವೂ ಯಾರಿಗೋ ಬಡ್ತಿ ಸಿಕ್ಕಿತು, ಯಾರೋ ಸಮಾವೇಶದಲ್ಲಿ ಭಾಷಣ ಮಾಡಿದರು. ಅರ್ಜಿ ತುಂಬುವವನಿಗೆ ಮಾತ್ರ ಪುಟ ಪ್ರತಿಸಲವೂ ಇನ್ನಷ್ಟು ತಡವಾಗಿ ತೆರೆಯಿತು. ಅಗ್ಗದ ಫೋನಿನಲ್ಲಿ ಅದು ಬಿಳಿಯಾಗಿಯೇ ನಿಂತುಬಿಡುತ್ತದೆ ಎಂದು ನಾನು ಸಭೆಯಲ್ಲಿ ತೋರಿಸಿದಾಗ, ನಮ್ಮ ಗ್ರಾಹಕರು ಅಂಥ ಫೋನ್ ಬಳಸುವುದಿಲ್ಲ ಎಂಬ ಉತ್ತರ ಬಂತು. ಆ ಸಾಲ ಇದ್ದದ್ದು ಸಣ್ಣ ಅಂಗಡಿಯವರಿಗಾಗಿ.

ಬೆಂಗಳೂರಿನ ಕಂಪನಿ ತನ್ನ ದುಡ್ಡನ್ನು ಹೀಗೆ ಕಳೆದುಕೊಂಡರೆ ಅದು ಅವರ ಹಣೆಬರಹ. ನೀವು ಕಳೆಯುತ್ತಿರುವುದು ನಮ್ಮ ಮನೆಗಳ ದುಡ್ಡನ್ನು. ಅದಕ್ಕೇ ಈ ಪತ್ರ.

ನಮ್ಮ ಪಕ್ಕದ ಮನೆಯ ಹುಡುಗನೊಬ್ಬ ಬಿಕಾಂ ಮುಗಿಸಿ ಒಂದು ತರಬೇತಿ ಸಂಸ್ಥೆಗೆ ಸೇರಿದ. ಸಂಸ್ಥೆಯ ಹೆಸರು ಇಲ್ಲಿ ಬೇಡ, ಅಂಥವು ಹಲವಿವೆ. ಉದ್ಯೋಗ ಸಿಕ್ಕಿದ ಮೇಲೆ ಫೀಸು ಕಟ್ಟಿದರೆ ಸಾಕು ಎಂದಿದ್ದರು. ಸೇರುವ ದಿನ ಅವನಿಂದ ಹಲವು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಅದರಲ್ಲೊಂದು ಹಣಕಾಸು ಕಂಪನಿಯ ಸಾಲಪತ್ರ ಎಂಬುದು ಮನೆಯವರಿಗೆ ಗೊತ್ತಾದದ್ದು ಮೊದಲ ಕಂತು ಬ್ಯಾಂಕ್ ಖಾತೆಯಿಂದ ಕಡಿತವಾದಾಗ. ಸಂಸ್ಥೆ ತನ್ನ ಪೂರ್ತಿ ಫೀಸನ್ನು ಆ ಕಂಪನಿಯಿಂದ ಮೊದಲೇ ಪಡೆದಾಗಿತ್ತು. ಪಾಠ ಚೆನ್ನಾಗಿರಲಿ, ಕೆಟ್ಟದಿರಲಿ, ಹುಡುಗನಿಗೆ ಕೆಲಸ ಸಿಗಲಿ, ಸಿಗದಿರಲಿ, ಅವರಿಗೆ ನಷ್ಟವೇನಿಲ್ಲ. ಅಡಕೆ ಮಾರಿದ ದುಡ್ಡಿನಿಂದ ಅವನ ಅಪ್ಪ ಈಗಲೂ ಕಂತು ಕಟ್ಟುತ್ತಿದ್ದಾರೆ.

ಆ ಹುಡುಗ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬಂದ. ರಿಯಾಕ್ಟ್‌ನಲ್ಲಿ ಮಾಡಿದ ಒಂದು ಕೆಲಸಪಟ್ಟಿಯ ಆ್ಯಪ್ ತೋರಿಸಿದ. ಚೆಂದವಾಗಿಯೇ ಇತ್ತು. ಬ್ರೌಸರಿನಲ್ಲಿ ಒಂದು ವಿಳಾಸ ಬರೆದು ಎಂಟರ್ ಒತ್ತಿದಾಗ ಏನೇನು ನಡೆಯುತ್ತದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಫಾರ್ಮ್‌ನಲ್ಲಿ ತುಂಬಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅದೂ ಗೊತ್ತಿರಲಿಲ್ಲ. ಒಂದು ಕಡೆ ಕೆಂಪು ಅಕ್ಷರದಲ್ಲಿ ದೋಷ ಕಾಣಿಸುತ್ತಿತ್ತು, ಅದನ್ನು ಓದು ಎಂದೆ. ಅವನು ಓದದೆ, ಅಷ್ಟನ್ನೂ ಕಾಪಿ ಮಾಡಿ ಚಾಟ್‌ಬಾಟಿಗೆ ಹಾಕಿದ, ಅದು ಕೊಟ್ಟದ್ದನ್ನು ತಂದು ಅಂಟಿಸಿದ. ಇನ್ನೊಂದು ದೋಷ ಬಂತು. ದಡ್ಡ ಹುಡುಗನಲ್ಲ. ಅವನ ಅಪ್ಪನ ತೋಟದ ಪಂಪು ಕೆಟ್ಟರೆ ಬಿಚ್ಚಿ, ಎಲ್ಲಿ ಕೆಟ್ಟಿದೆ ಎಂದು ಹುಡುಕಿ, ಸರಿ ಮಾಡುವವನು. ಹುಡುಕುವ ಆ ಬುದ್ಧಿಯನ್ನು ಕಂಪ್ಯೂಟರಿನ ಮುಂದೆ ಬಳಸಬಹುದು ಎಂದು ಇಷ್ಟು ತಿಂಗಳಲ್ಲಿ ಯಾರೂ ಅವನಿಗೆ ಹೇಳಿಕೊಡಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ನಮ್ಮ ಜಿಲ್ಲೆಯವರು ಊರು ಬಿಟ್ಟು ದುಡಿಯುವುದು ಹೊಸತೇನಲ್ಲ. ಬೊಂಬಾಯಿಯ ಹೋಟೆಲುಗಳಿಂದ ದುಬೈ, ದೋಹಾದವರೆಗೆ ಹೋದವರ ಊರು ಇದು. ವೀಸಾ ಕೊಡಿಸುತ್ತೇನೆಂದು ದುಡ್ಡು ನುಂಗಿದ ಏಜೆಂಟ್ ಇಲ್ಲಿ ಪೇಟೆಯಲ್ಲಿ ತಲೆ ಎತ್ತಿ ನಡೆಯಲಾರ. ಕೊಡಲಾಗದ ಕೆಲಸವನ್ನು ಕೊಡುತ್ತೇನೆಂದು ಕೋರ್ಸು ಮಾರುವವರಿಗೂ ಅವನಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ನೀವು ಅಂಥವರನ್ನು ಕಾಲೇಜಿಗೆ ಕರೆಸಿ, ವೇದಿಕೆ ಕೊಟ್ಟು, ವಿದ್ಯಾರ್ಥಿಗಳ ಫೋನ್ ನಂಬರ್ ಪಟ್ಟಿಯನ್ನೂ ಕೊಡುತ್ತೀರಿ. ಮಕ್ಕಳನ್ನು ಕೇಳಿ ಕೊಟ್ಟಿದ್ದೀರಾ?

2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್, ಎಲ್ಲರೂ ತೆಗೆದು ಬಳಸಬಹುದಾದ ಕೋಡುಗಳ ಎನ್‌ಪಿಎಂ ಎಂಬ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ ತನ್ನ ಪುಟ್ಟ ಕೋಡನ್ನು ಹಿಂದೆಗೆದುಕೊಂಡ. ಅದರಲ್ಲಿದ್ದದ್ದು 11 ಸಾಲು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ಜಗತ್ತಿನ ಎಷ್ಟೋ ದೊಡ್ಡ ಕಂಪನಿಗಳ ಕೋಡು ಜೋಡಣೆ ನಿಂತುಹೋಯಿತು. ಹತ್ತು ನಿಮಿಷದಲ್ಲಿ ಬರೆದುಕೊಳ್ಳಬಹುದಾದದ್ದನ್ನು ಹೊರಗಿನಿಂದ ತಂದು ಸಿಕ್ಕಿಸುವುದು ಅಷ್ಟು ಅಭ್ಯಾಸವಾಗಿಹೋಗಿತ್ತು. ನಿಮ್ಮ ಪಠ್ಯಕ್ರಮಗಳನ್ನು ತರಿಸಿಕೊಂಡು ಓದಿದ್ದೇನೆ. ಮೊದಲ ವಾರವೇ ಹೊರಗಿನ ಕೋಡು ತಂದು ಸಿಕ್ಕಿಸುವುದನ್ನು ಕಲಿಸುತ್ತೀರಿ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ಗೆ ಒಂದು ದಿನ. ಬ್ರೌಸರ್ ಮತ್ತು ಸರ್ವರ್ ಮಾತನಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿ ಎಂಬ ಮಾತು ಕೆಲವದರಲ್ಲಿ ಇಲ್ಲವೇ ಇಲ್ಲ. ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿನ ಮುಂದಿಟ್ಟ ಆ ಸರಳ ಏರ್ಪಾಡಿನ ಮೇಲೆಯೇ ಇಂದಿಗೂ ವೆಬ್ ನಿಂತಿದೆ. ಅಂದು ಬರೆದ ಪುಟ ಇಂದಿನ ಬ್ರೌಸರಿನಲ್ಲಿಯೂ ತೆರೆಯುತ್ತದೆ. ಹತ್ತು ವರ್ಷ ಹಳೆಯ ಫ್ರೇಮ್‌ವರ್ಕಿನಲ್ಲಿ ಕಟ್ಟಿದ್ದನ್ನು ಇಂದು ರಿಪೇರಿ ಮಾಡಿಸಲು ಹೋಗಿ ನೋಡಿ, ಯಾವುದನ್ನು ಮೊದಲು ಕಲಿಸಬೇಕೆಂದು ತಿಳಿಯುತ್ತದೆ.

ಇನ್ನೂ ಒಂದು ಬೇಸರದ ಸಂಗತಿ. ಈ ಮಕ್ಕಳು ಏನೂ ಗೊತ್ತಿಲ್ಲದೆ ನಿಮ್ಮಲ್ಲಿಗೆ ಬರುವವರಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು, ಈಗ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಲಿನಕ್ಸ್ ಮತ್ತು ಯಾರೂ ಬಳಸಿ ಬದಲಿಸಿಕೊಳ್ಳಬಹುದಾದ ಸ್ವತಂತ್ರ ತಂತ್ರಾಂಶಗಳ ಮೇಲೆ ಕಲಿಸುತ್ತಾರೆ. ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕೂಟಗಳಿವೆ. ನಮ್ಮ ಕನ್ನಡ ಮಾಧ್ಯಮದ ಹುಡುಗಿಯರು ಅಲ್ಲಿ ಅನಿಮೇಷನ್ ಮಾಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಲೆಕ್ಕ ಬರೆದು ಬಂದಿರುತ್ತಾರೆ. ನಿಮ್ಮ ಕೋರ್ಸು ಅಲ್ಲಿಂದ ಮುಂದಕ್ಕೆ ಹೋಗಬೇಕಿತ್ತು. ಎಷ್ಟೋ ಕಡೆ ಅದಕ್ಕಿಂತ ಹಿಂದಕ್ಕೆ ಹೋಗಿ, ಅದಕ್ಕೇ ಲಕ್ಷದ ಹತ್ತಿರ ಫೀಸು ಹಾಕಲಾಗಿದೆ.

ಎಐ ಕುರಿತು ನನಗೆ ದ್ವೇಷವಿದೆ ಎಂದು ತಿಳಿಯಬೇಡಿ. ಕೆಲಸದಲ್ಲಿ ದಿನವೂ ಬಳಸುತ್ತೇನೆ, ಉಪಯೋಗವಿದೆ. ಅದು ಬರೆದು ಕೊಟ್ಟದ್ದು ಸರಿಯೋ ತಪ್ಪೋ ಎಂದು ಗೊತ್ತಾಗುವವನ ಕೈಯಲ್ಲಿ ಅದು ಒಳ್ಳೆಯ ಸಲಕರಣೆ. ನೀವು ಅದನ್ನು ಮಾರುತ್ತಿರುವುದು ಗೊತ್ತಾಗದವರಿಗೆ. ಕನ್ನಡದ ವಿಚಾರಕ್ಕೆ ಬಂದರೆ ಇನ್ನೊಂದು ತೊಡಕಿದೆ, ಅದನ್ನು ನಿಮ್ಮ ಸಮಾವೇಶಗಳಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಇಂಗ್ಲಿಷಿನಲ್ಲಿ ಕಾಸರಗೋಡು (Kasaragod) ಎಂದು ಬರೆದರೆ ಒಂಬತ್ತು ಅಕ್ಷರ, ಕಂಪ್ಯೂಟರಿನ ಅಳತೆಯಲ್ಲಿ ಒಂಬತ್ತು ಬೈಟ್. ಕನ್ನಡದಲ್ಲಿ ಬರೆದರೆ ಯೂನಿಕೋಡ್ ಎಂಬ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಏರ್ಪಾಡಿನ ಎಂಟು ಸಂಕೇತಗಳು, ಅವನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟ್. ಚಾಟ್‌ಬಾಟುಗಳ ಹಿಂದಿರುವ ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಮುರಿದುಕೊಳ್ಳುತ್ತವೆ. ಹೆಚ್ಚಾಗಿ ಇಂಗ್ಲಿಷ್ ಪಠ್ಯದಿಂದಲೇ ತಯಾರಾದ ಮಾದರಿಯಲ್ಲಿ ಕನ್ನಡದ ವಾಕ್ಯ ಬಹಳ ಹೆಚ್ಚು ತುಂಡುಗಳಾಗುತ್ತದೆ. ಬಿಲ್ ಬರುವುದು ಟೋಕನ್ ಲೆಕ್ಕದಲ್ಲಿ. ಅಂದರೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದವನು ಹೆಚ್ಚು ತೆರುತ್ತಾನೆ, ಹೆಚ್ಚು ಕಾಯುತ್ತಾನೆ. ಇದು ನಮ್ಮ ಕಾಲೇಜುಗಳ ಯೋಜನಾ ವರದಿಗೆ ತಕ್ಕ ವಿಷಯ. ಯಾವ ಮಾದರಿಯಲ್ಲಿ ಕನ್ನಡ ಎಷ್ಟು ತುಂಡಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಅಳೆಯಬಹುದು.

ಹಾಗೆ ಮಾಡುವವರಿಗೆ ಬಹುಮಾನ ಸಿಗುವುದಿಲ್ಲ ಎಂಬುದೇ ನನ್ನ ದೂರು. ತೀರ್ಪುಗಾರನಾಗಿ ಕುಳಿತ ಒಂದು ಹ್ಯಾಕಥಾನಿನಲ್ಲಿ (ಕೋಡು ಬರೆಯುವ ಸ್ಪರ್ಧೆಯಲ್ಲಿ) ಒಂದು ತಂಡ ಕೃಷಿಕರಿಗಾಗಿ ಎಐ ಸಹಾಯಕ ಎಂದು ಇಪ್ಪತ್ತು ಸ್ಲೈಡ್ ತೋರಿಸಿತು. ಓಡುವ ಕೋಡು ಇರಲಿಲ್ಲ. ಇನ್ನೊಂದು ಮೂಲೆಯಲ್ಲಿ ಇಬ್ಬರು ಹುಡುಗಿಯರು ನುಡಿ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಒಂದು ಪುಟ್ಟ ಪುಟ ಮಾಡಿದ್ದರು. ಅದು ಓಡುತ್ತಿತ್ತು. ಅರ್ಕಾವತ್ತು ಎಲ್ಲಿ ತಪ್ಪುತ್ತದೆ ಎಂಬ ಪಟ್ಟಿಯನ್ನೂ ಇಟ್ಟುಕೊಂಡಿದ್ದರು. ಮೊದಲ ಬಹುಮಾನ ಸ್ಲೈಡುಗಳಿಗೆ ಹೋಯಿತು. ನಾನು ಒಪ್ಪಲಿಲ್ಲ, ಉಳಿದ ತೀರ್ಪುಗಾರರು ಕೇಳಲಿಲ್ಲ. ಆ ಹುಡುಗಿಯರಿಗೆ ಒಬ್ಬ ತೀರ್ಪುಗಾರರು ಹೇಳಿದ್ದು, ಇದರಲ್ಲಿ ಹೊಸತೇನಿದೆ ಎಂದು.

ಆ ಕೆಲಸ ಎಷ್ಟು ಬೇಕಾಗಿದೆ ಎಂದು ತಿಳಿಯಬೇಕಾದರೆ ನಮ್ಮ ಯಾವುದಾದರೂ ಹಳೆಯ ಸಂಘಸಂಸ್ಥೆಯ ಕಂಪ್ಯೂಟರ್ ತೆರೆದು ನೋಡಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ವರ್ಷಗಟ್ಟಲೆ ಎಲ್ಲರೂ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ರೂಪ ಹೊದಿಸಿದ ಫಾಂಟುಗಳಲ್ಲಿ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮಹಾಸಭೆಯ ವರದಿಯೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹುಡುಕಿದರೆ ಏನೂ ಸಿಗುವುದಿಲ್ಲ.

ಹೊಸತಾಗಿ ಮಾಡಿಸಿದ್ದು ಸರಿ ಇದೆಯೇ ಎಂದರೆ ಅದೂ ಇಲ್ಲ. ಒಂದು ಸಂಸ್ಥೆ ಇತ್ತೀಚೆಗೆ ದೊಡ್ಡ ದುಡ್ಡು ಕೊಟ್ಟು ಪೋರ್ಟಲ್ ಮಾಡಿಸಿತು, ಮುಖಪುಟದಲ್ಲೇ ಮಾತನಾಡುವ ಎಐ ಸಹಾಯಕಿ ಇದ್ದಾಳೆ. ಅಲ್ಲಿಂದ ನಮ್ಮ ಮನೆಗೆ ಬಂದ ರಸೀದಿಯಲ್ಲಿ ಊರಿನ ಹೆಸರು ಬದಿಯಡ್‌ಕ ಎಂದು ಒಡೆದುಕೊಂಡು ಮುದ್ರಣವಾಗಿತ್ತು. ಎಣ್ಮಕಜೆಯವರ ರಸೀದಿಯಲ್ಲಿ ಎಣ್‌ಮಕಜೆ. ಕಾರಣ ದೊಡ್ಡದೇನಲ್ಲ. ಕಂಪ್ಯೂಟರಿನಲ್ಲಿ ಡ, ಸ್ವರವನ್ನು ತೆಗೆದುಹಾಕುವ ಹಲಂತ ಚಿಹ್ನೆ, ಕ ಎಂದು ಮೂರು ಸಂಕೇತಗಳಿರುತ್ತವೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಶೇಪಿಂಗ್ ಎಂಬ ಹಂತ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಅದನ್ನು ಮಾಡುತ್ತದೆ. ಪಿಡಿಎಫ್ ತಯಾರಿಸುವ ಕೆಲವು ಜನಪ್ರಿಯ ಲೈಬ್ರರಿಗಳಿಗೆ ಅದು ಬರುವುದಿಲ್ಲ. ಬ್ರೌಸರಿನ ಮೂಲಕವೇ ಪಿಡಿಎಫ್ ಮಾಡಿಸಿದರೆ ಒತ್ತಕ್ಷರ ಸರಿಯಾಗಿ ಬರುತ್ತದೆ. ನಾನು ಫೋನ್ ಮಾಡಿ ಹೇಳಿದೆ. ಪೋರ್ಟಲ್ ಮಾಡಿದ ತಂಡದಲ್ಲಿ ಶೇಪಿಂಗ್ ಎಂದರೇನೆಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಎಐ ಸಹಾಯಕಿಯನ್ನು ಠೇವಣಿ ಬಡ್ಡಿ ಎಷ್ಟೆಂದು ಕೇಳಿದೆ. ಹಳೆಯ ದರವನ್ನು ಬಹಳ ಧೈರ್ಯದಿಂದ ಹೇಳಿತು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಆ ಹಕ್ಕಿಗಾಗಿ ನಮ್ಮ ಹಿರಿಯರು ಎಷ್ಟು ಹೋರಾಡಿದ್ದಾರೆಂದು ಕಯ್ಯಾರ ಕಿಞ್ಞಣ್ಣ ರೈಗಳ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಈಗ ಆ ಹಕ್ಕು ನಿಂತಿರುವುದು ಅರ್ಜಿ ಪುಟದ ಒಂದು ಸಾಲು ಕೋಡಿನ ಮೇಲೆ. ಹೆಸರು ತುಂಬುವ ಚೌಕಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಸಾಕು ಎಂದು ಪ್ರೋಗ್ರಾಮರ್ ಬರೆದುಬಿಟ್ಟರೆ ಕಾಯ್ದೆ ಅಲ್ಲಿಗೆ ಮುಗಿಯಿತು. ಅದರ ವಿರುದ್ಧ ಯಾರೂ ಧರಣಿ ಕೂರುವುದಿಲ್ಲ, ಏಕೆಂದರೆ ಅದು ಯಾರಿಗೂ ಕಾಣುವುದಿಲ್ಲ. ನಿಮ್ಮಲ್ಲಿ ಕಲಿತು ಹೋಗುವ ಮಕ್ಕಳೇ ನಾಳೆ ಆ ಸಾಲನ್ನು ಬರೆಯುವವರು.

ನಮ್ಮದೇ ರಾಜ್ಯದಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗ 2002ರಿಂದ ಫಾಂಟು, ಕೀಲಿಮಣೆ, ಅನುವಾದ ಎಂದು ದುಡಿಯುತ್ತಾ ಬಂದಿದೆ. ಮೀರ, ಮಂಜರಿ ಫಾಂಟುಗಳು ಅವರಿಂದ ಬಂದವು. ಈ ಕಡೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ನಾಡೇ ಟೈಪ್ ಮಾಡುತ್ತಿದೆ. ಇವರಾರೂ ಫಲಕ ಹಾಕಿಸಿಕೊಂಡವರಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಫಾಂಟ್ ಬೇಕು, ಕೀಲಿಮಣೆ ಬೇಕು, ಮನೆಗಳ ಅಟ್ಟದಲ್ಲಿರುವ ತಾಳೆಗರಿಗಳನ್ನು ಓದಿ ಟೈಪ್ ಮಾಡುವವರು ಬೇಕು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿಗಳನ್ನು ದಿನವೂ ಕೇಳಿ ಬೆಳೆದ ಮಕ್ಕಳು ನಮ್ಮಲ್ಲಿರುವಷ್ಟು ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲೂ ಇಲ್ಲ. ಹಲವು ಭಾಷೆಗಳ ವೆಬ್ ಕಟ್ಟುವವರಾಗಿ ಇವರನ್ನು ತಯಾರು ಮಾಡಿದರೆ ದೇಶದಲ್ಲಿ ಎಲ್ಲಿಯೂ ಕೆಲಸ ಸಿಗುತ್ತದೆ ಎಂದು ಈ ಉದ್ಯಮದಲ್ಲಿ ದುಡಿದವನಾಗಿ ಹೇಳುತ್ತಿದ್ದೇನೆ. ನೀವು ಅವರನ್ನು ಸಾವಿರಾರು ಜನ ಮಾಡುವ ಅದೇ ಕೆಲಸಪಟ್ಟಿ ಆ್ಯಪ್ ಮಾಡಿಸಿ ಕಳುಹಿಸುತ್ತಿದ್ದೀರಿ.

ಆದ್ದರಿಂದ ನನ್ನ ಬೇಡಿಕೆಗಳು. ತರಬೇತಿ ಸಂಸ್ಥೆಗಳ ಮಾಲಕರೇ, ಉದ್ಯೋಗ ಖಾತರಿ ಎಂಬ ಮಾತನ್ನು ಫಲಕದಿಂದ ತೆಗೆಯಿರಿ. ಅದರ ಬದಲು ಕಳೆದ ವರ್ಷ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪೂರ್ತಿ ಮಾಡಿದರು, ಎಷ್ಟು ಮಂದಿಗೆ ಯಾವ ಬಗೆಯ ಕೆಲಸ, ಎಷ್ಟು ಸಂಬಳಕ್ಕೆ ಸಿಕ್ಕಿತು ಎಂಬ ಲೆಕ್ಕವನ್ನು ಹೆಸರುಗಳಿಲ್ಲದೆ ಪ್ರಕಟಿಸಿ. ಸಹಿ ಹಾಕಿಸಿಕೊಳ್ಳುವ ಕಾಗದ ಸಾಲಪತ್ರವಾಗಿದ್ದರೆ ಅದನ್ನು ಮನೆಯವರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ದೊಡ್ಡದಾಗಿ ಓದಿ ಹೇಳಿ. ನಡುವೆ ಬಿಟ್ಟುಹೋದವರ ಉಳಿದ ಕಂತು ರದ್ದಾಗುವಂತೆ ಹಣಕಾಸು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳಿ.

ಕಾಲೇಜುಗಳ ಆಡಳಿತ ಮಂಡಳಿಯವರು ವಿದ್ಯಾರ್ಥಿಗಳ ಫೋನ್ ನಂಬರನ್ನು ಹೊರಗಿನವರಿಗೆ ಕೊಡುವುದನ್ನು ಇಂದೇ ನಿಲ್ಲಿಸಬೇಕು. ಕೊನೆಯ ವರ್ಷದ ಯೋಜನೆಗಳಲ್ಲಿ ಕೆಲವನ್ನಾದರೂ ಊರಿನ ನಿಜವಾದ ಕೆಲಸಕ್ಕೆ ಮೀಸಲಿಡಬೇಕು. ವಾಚನಾಲಯದ ಪುಸ್ತಕಪಟ್ಟಿ ಆಗಲಿ, ಹಾಲಿನ ಸೊಸೈಟಿಯ ರಸೀದಿ ಆಗಲಿ, ಅದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ನೆಟ್‌ವರ್ಕ್ ಸರಿಯಿಲ್ಲದ ಗುಡ್ಡದ ಬದಿಯಲ್ಲಿ, ಒತ್ತಕ್ಷರ ಒಡೆಯದೆ ತೆರೆಯಬೇಕು, ಕಣ್ಣು ಕಾಣದವರು ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಹಾಕಿದರೆ ಅದು ಓದಿ ಹೇಳುವಂತಿರಬೇಕು. ಅದನ್ನು ಮಾಡಿ ತೋರಿಸಿದವರಿಗೆ ಪೂರ್ತಿ ಅಂಕ ಕೊಡಿ.

ಸಂಘಟಕರೇ, ನಿಮ್ಮ ಮುಂದಿನ ಸಮಾವೇಶದಲ್ಲಿ ಒಂದು ನಿಯಮ ಮಾಡಿ. ಕೋಡು ಓಡದಿದ್ದರೆ ವೇದಿಕೆ ಇಲ್ಲ. ಪ್ರಾಯೋಜಕರು ಬೇಸರಪಟ್ಟುಕೊಂಡರೆ ಸಣ್ಣ ಸಭಾಂಗಣ ಸಾಕು, ಊಟಕ್ಕೆ ಗಂಜಿ, ಚಟ್ನಿ ಸಾಕು.

ಬ್ರೌಸರ್, ಎಚ್‌ಟಿಟಿಪಿ, ಎಚ್‌ಟಿಎಂಎಲ್, ಯೂನಿಕೋಡ್, ದೋಷ ಹುಡುಕುವ ಕ್ರಮ, ಇಷ್ಟನ್ನು ಕನ್ನಡದಲ್ಲಿ ಕಲಿಸಲು ಯಾವ ಕಾಲೇಜು ಕೋಣೆ ಕೊಟ್ಟರೂ ವಾರದ ರಜೆಯಲ್ಲಿ ಬಂದು ಪಾಠ ಮಾಡಲು ನಾನು ಸಿದ್ಧ. ಸಂಭಾವನೆ ಬೇಡ, ಶಾಲೂ ಬೇಡ. ಸೇರ್ಪಡೆ, ಉದ್ಯೋಗಗಳ ಲೆಕ್ಕ ಪ್ರಕಟಿಸಬೇಕೆಂಬ ಬೇಡಿಕೆಗೆ ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಮುಂದಿನ ಪ್ಲಸ್ ಟು ಫಲಿತಾಂಶದ ಮೊದಲು ಬಹಿರಂಗವಾಗಿಯೇ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹೊಸ ಫಲಕಗಳು ಅಚ್ಚಾಗುವುದು ಆ ಹೊತ್ತಿಗೆ.

ಇತಿ ತಮ್ಮ ವಿಶ್ವಾಸಿ,
ಬದಿಯಡ್ಕದ ಒಬ್ಬ ವೆಬ್ ಡೆವಲಪರ್